ಹೊಲಿಗೆ ಟೀಚರ್ ಕೇಳಿದ ಪ್ರಶ್ನೆ: ಗೃಹವಿಜ್ಞಾನದ ಗುರುಗಳಿಗೆ ಗುರುಗಳು ಯಾರು?



ಮೇ ತಿಂಗಳೆಂದರೆ ಮಕ್ಕಳಿಗೆ ರಜೆ, ನಮಗೆ ತರಬೇತಿ! ಕಾಸರಗೋಡಿನ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ರಜಾಕಾಲದ ತರಬೇತಿಯಲ್ಲಿ ನಡೆದ ಸಣ್ಣ ಘಟನೆಯಿಂದ ಈ ಬರಹ ಶುರು ಮಾಡುತ್ತೇನೆ.

ಮೊದಲ ದಿನ ಬೆಳಿಗ್ಗೆ ಎಲ್ಲರನ್ನೂ ವಿಷಯವಾರು ಗುಂಪು ಮಾಡಿದರು. ಭಾಷೆಯವರು ಒಂದು ಕೋಣೆಗೆ, ಗಣಿತದವರು ಇನ್ನೊಂದಕ್ಕೆ, ಸಮಾಜ ವಿಜ್ಞಾನದ ನಾವು ಮೂಲೆಯ ಕೋಣೆಗೆ. ಜಗಲಿಯಲ್ಲಿ ಒಬ್ಬರೇ ಉಳಿದರು. ಅವರು ಹೊಲಿಗೆ ಟೀಚರ್. "ನಾನು ಎಲ್ಲಿ ಕೂತುಕೊಳ್ಳಲಿ?" ಎಂದು ಕೇಳಿದರು. "ನಿಮ್ಮ ವಿಷಯಕ್ಕೆ ಮಾಡ್ಯೂಲ್ ಇಲ್ಲ ಟೀಚರ್, ಎಲ್ಲಿ ಬೇಕಾದರೂ ಕೂತುಕೊಳ್ಳಿ" ಎಂಬ ಉತ್ತರ ಬಂತು. ಅವರು ನಮ್ಮ ಕೋಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೂರು ದಿನ ಮೌರ್ಯರನ್ನೂ ಮಾನ್ಸೂನನ್ನೂ ಕೇಳಿಸಿಕೊಂಡರು. ಕೊನೆಯ ದಿನ ಚಹಾ ಹೊತ್ತಿನಲ್ಲಿ ನನ್ನ ಹತ್ತಿರ, "ನನ್ನ ವಿಷಯಕ್ಕೂ ಯಾರಾದರೂ ಎಲ್ಲಿಯಾದರೂ ಹೀಗೆ ಕೂತು ಮಾತಾಡಿದ್ದು ಉಂಟಾ ಮಾಷ್ಟ್ರೇ?" ಎಂದು ಕೇಳಿದರು.

ಆ ಹೊತ್ತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಸಿಕ್ಕಿದಲ್ಲೆಲ್ಲ ಓದಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದು ಜನರ ಸಭೆ

1899ರ ಸೆಪ್ಟೆಂಬರ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ನಡುವೆ ಲೇಕ್ ಪ್ಲಾಸಿಡ್ ಎಂಬ ಊರು. ಅಲ್ಲಿ ಹನ್ನೊಂದು ಜನ ಸೇರಿದರು. ನಮ್ಮ ಒಂದು ಕ್ಲಸ್ಟರ್ ಸಭೆಯಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ! ಕರೆದು ಕೂರಿಸಿದವರು ಮೆಲ್ವಿಲ್ ಡ್ಯೂಯಿ ಮತ್ತು ಅವರ ಹೆಂಡತಿ ಆನಿ ಡ್ಯೂಯಿ. ಗ್ರಂಥಾಲಯದ ಪುಸ್ತಕಗಳ ಬೆನ್ನ ಮೇಲೆ ಅಂಟಿಸಿರುವ ಸಂಖ್ಯೆಗಳನ್ನು ನೋಡಿದ್ದೀರಲ್ಲ, ಆ ದಶಾಂಶ ವರ್ಗೀಕರಣ ಮಾಡಿದ್ದು ಇದೇ ಡ್ಯೂಯಿ. ಅದರಲ್ಲಿ ಮನೆ ನಿರ್ವಹಣೆಯ ಪುಸ್ತಕಗಳಿಗೆ ಇಂದಿಗೂ 640 ಎಂಬ ಸಂಖ್ಯೆ ಇದೆ.

ಸಭೆಯ ನಾಯಕಿ ಎಲೆನ್ ಸ್ವಾಲೋ ರಿಚರ್ಡ್ಸ್. ಅಡಿಗೆ, ಹೊಲಿಗೆ, ಮನೆಯ ನೈರ್ಮಲ್ಯ, ಮಕ್ಕಳ ಪೋಷಣೆ, ಮನೆಯ ಆಯವ್ಯಯ ಇವೆಲ್ಲ ಚದುರಿ ಹೋಗಿದ್ದ ಕಾಲ ಅದು. ಎಲ್ಲ ಸೇರಿಸಿ ಒಂದು ವಿಷಯವಾಗಿ ಶಾಲೆಯಲ್ಲಿ ಕಲಿಸಬೇಕು ಎಂದಾದರೆ ಅದಕ್ಕೊಂದು ಹೆಸರು ಬೇಕು. ಚರ್ಚೆಯಾಗಿ 'ಹೋಮ್ ಎಕನಾಮಿಕ್ಸ್' ಎಂಬ ಹೆಸರು ಗಟ್ಟಿಯಾಯಿತು. ನಾವು ಗೃಹವಿಜ್ಞಾನ ಎನ್ನುವುದು ಇದರ ತಂಗಿಯನ್ನೇ. ಹೆಸರಿನ ಜೊತೆಗೇ ಅಲ್ಲಿ ಎದ್ದ ಪ್ರಶ್ನೆ, 'ಇದನ್ನು ಕಲಿಸುವವರನ್ನು ತಯಾರು ಮಾಡುವವರು ಯಾರು?' ಎಂಬುದು.

ಹೀಗೆ 1899ರಿಂದ 1908ರ ವರೆಗೆ ಹತ್ತು ಸಮ್ಮೇಳನಗಳು ನಡೆದವು. 1908ರ ಕೊನೆಯಲ್ಲಿ ಅಮೆರಿಕನ್ ಹೋಮ್ ಎಕನಾಮಿಕ್ಸ್ ಅಸೋಸಿಯೇಶನ್ ಹುಟ್ಟಿತು. ಮೊದಲ ಅಧ್ಯಕ್ಷೆ ರಿಚರ್ಡ್ಸ್ ಅವರೇ. 1909ರಿಂದ ಅವರದೇ ಪತ್ರಿಕೆ ಬಂತು. ಸಂಘ, ಪತ್ರಿಕೆ, ವರ್ಷಕ್ಕೊಮ್ಮೆ ಸಮ್ಮೇಳನ. ಇಂದು ನಾವು 'ವೃತ್ತಿಪರ ಅಭಿವೃದ್ಧಿ' ಎಂದು ದೊಡ್ಡ ಶಬ್ದದಲ್ಲಿ ಕರೆಯುವುದು ಈ ಮೂರನ್ನೇ.

ಬಾಗಿಲ ಸಂದಿಯಿಂದ ಒಳಗೆ ಬಂದವರು

ಈ ರಿಚರ್ಡ್ಸ್ ಯಾರು? ಹುಟ್ಟಿದ್ದು 1842ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಹಳ್ಳಿಯಲ್ಲಿ. ವಾಸ್ಸರ್ ಕಾಲೇಜಿನಲ್ಲಿ ಓದಿ, ರಸಾಯನಶಾಸ್ತ್ರ ಕಲಿಯಲು ಬೋಸ್ಟನ್ನಿನ ಎಂ.ಐ.ಟಿ.ಗೆ ಅರ್ಜಿ ಹಾಕಿದರು. ಅಲ್ಲಿಯ ವರೆಗೆ ಅಲ್ಲಿ ಒಬ್ಬ ಹೆಣ್ಣುಮಗಳೂ ಕಲಿತದ್ದಿಲ್ಲ. ವಿಶೇಷ ವಿದ್ಯಾರ್ಥಿನಿ ಎಂದು ಸೇರಿಸಿಕೊಂಡರು, ಶುಲ್ಕವನ್ನೂ ಕೇಳಲಿಲ್ಲ. ತನ್ನ ಬಡತನ ನೋಡಿ ಕರುಣೆ ತೋರಿಸಿದರು ಎಂದು ಇವರು ನಂಬಿದ್ದರು. ನಿಜ ಗೊತ್ತಾದದ್ದು ಆಮೇಲೆ. ಯಾರಾದರೂ ಆಕ್ಷೇಪ ಎತ್ತಿದರೆ 'ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ' ಎಂದು ಹೇಳಲು ಅನುಕೂಲವಾಗಲಿ ಎಂದು ಶುಲ್ಕ ಬಿಟ್ಟಿದ್ದರಂತೆ!

ನಮ್ಮ ಹೊಲಿಗೆ ಟೀಚರ ಹೆಸರು ಹಾಜರಿ ಪಟ್ಟಿಯಲ್ಲಿ ಇತ್ತು, ಕೂರಲು ಕೋಣೆ ಇರಲಿಲ್ಲ. ರಿಚರ್ಡ್ಸ್ ಅವರಿಗೆ ಕೋಣೆ ಇತ್ತು, ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಎರಡೂ ಒಂದೇ ತರಹದ ಕಥೆ.

1873ರಲ್ಲಿ ಅವರಿಗೆ ಅಲ್ಲಿಂದಲೇ ಪದವಿ ಸಿಕ್ಕಿತು. 1876ರಲ್ಲಿ ಅದೇ ಸಂಸ್ಥೆಯಲ್ಲಿ ಮಹಿಳೆಯರಿಗಾಗಿ ಒಂದು ಪ್ರಯೋಗಾಲಯ ತೆರೆಯಿತು. ಅಲ್ಲಿ ಕಲಿಯಲು ಬಂದವರಲ್ಲಿ ಶಾಲಾ ಅಧ್ಯಾಪಕಿಯರು ಇದ್ದರು. ರಿಚರ್ಡ್ಸ್ ಅಲ್ಲಿ ಸಂಬಳವಿಲ್ಲದೆ ಕಲಿಸಿದರು, ಮೇಲಿಂದ ಕೈಯಿಂದಲೂ ಹಣ ಹಾಕಿದರು. ಹಾಲಿಗೆ ಏನು ಬೆರೆಸಿದ್ದಾರೆ, ಬಾವಿ ನೀರು ಕುಡಿಯಬಹುದೇ, ಗೋಡೆ ಕಾಗದದಲ್ಲಿ ವಿಷ ಉಂಟೇ ಎಂಬಂಥ ಮನೆಯೊಳಗಿನ ಪ್ರಶ್ನೆಗಳನ್ನು ಅವರು ರಸಾಯನಶಾಸ್ತ್ರದಿಂದ ಪರೀಕ್ಷಿಸಿದರು. 1887ರಿಂದ ಮ್ಯಾಸಚೂಸೆಟ್ಸ್ ರಾಜ್ಯದ ನೀರಿನ ದೊಡ್ಡ ಸಮೀಕ್ಷೆಯಲ್ಲಿ ಸಾವಿರಾರು ಮಾದರಿಗಳನ್ನು ಅವರ ಪ್ರಯೋಗಾಲಯ ಪರೀಕ್ಷಿಸಿತು. ಅಂದರೆ ಈ ವಿಷಯದ ಬೇರು ಇರುವುದು ಪ್ರಯೋಗಾಲಯದಲ್ಲಿ. 'ಅಡಿಗೆ ಹೊಲಿಗೆ ಕಲಿಸಲು ಏನು ದೊಡ್ಡ ತರಬೇತಿ' ಎನ್ನುವವರು ಇದನ್ನು ನೆನಪಿಡಬೇಕು.

ರಿಚರ್ಡ್ಸ್ ಎಡವಿದ್ದೂ ಉಂಟು. 1890ರಲ್ಲಿ ಬೋಸ್ಟನ್ನಿನಲ್ಲಿ ಅವರೂ ಗೆಳತಿಯರೂ ಸೇರಿ 'ನ್ಯೂ ಇಂಗ್ಲೆಂಡ್ ಕಿಚನ್' ಎಂಬ ಅಡಿಗೆಮನೆ ತೆರೆದರು. ಬಡ ಕೂಲಿಕಾರರಿಗೆ ಅಗ್ಗದಲ್ಲಿ ಪೌಷ್ಟಿಕ ಆಹಾರ, ಎಲ್ಲವೂ ಅಳತೆ ತೂಕ ಮಾಡಿದ್ದು. ಆದರೆ ಇಟಲಿಯಿಂದ, ಐರ್ಲೆಂಡಿನಿಂದ, ಪೂರ್ವ ಯುರೋಪಿನಿಂದ ಬಂದ ಕೂಲಿಕಾರರು ಅದನ್ನು ಹೆಚ್ಚು ಇಷ್ಟಪಡಲಿಲ್ಲ. ಲೆಕ್ಕ ಸರಿಯಿತ್ತು, ರುಚಿ ಅವರದ್ದಾಗಿರಲಿಲ್ಲ. ತಂಬುಳಿ, ಪತ್ರೊಡೆ, ಗಂಜಿ-ಚಟ್ನಿ ಉಣ್ಣುವ ನಮ್ಮ ಮಕ್ಕಳಿಗೆ ಯಾವುದೋ ಊರಿನ ಆಹಾರದ ಚಾರ್ಟ್ ತೋರಿಸಿ ಪೋಷಕಾಂಶ ಕಲಿಸುವಾಗ ನನಗೆ ಈ ಅಡಿಗೆಮನೆ ನೆನಪಾಗುತ್ತದೆ.

ಹಳ್ಳಿ ಶಾಲೆಯಿಂದ ಬಂದ ಪ್ರೊಫೆಸರ್

ನನಗೆ ಅತಿ ಇಷ್ಟವಾದದ್ದು ಮಾರ್ಥಾ ವಾನ್ ರೆನ್ಸೆಲೇರ್ ಅವರ ಕಥೆ. ಅವರು ಮೊದಲು ನಮ್ಮ ಹಾಗೆ ಶಾಲಾ ಅಧ್ಯಾಪಕಿ. ಆಮೇಲೆ ಕ್ಯಾಟರಾಗಸ್ ಕೌಂಟಿಯ ಶಾಲಾ ಕಮಿಷನರ್. ನಮ್ಮ ಎ.ಇ.ಓ. ಇದ್ದ ಹಾಗೆ ಎನ್ನಿ. ಹಳ್ಳಿ ಶಾಲೆಗಳ ಭೇಟಿಗೆ ಹೋದಾಗ ರೈತರ ಮನೆಯ ಹೆಂಗಸರ ದುಡಿತವನ್ನು ಕಣ್ಣಾರೆ ಕಂಡಿದ್ದರು. 1900ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೈಲಿ ಅವರನ್ನು ಕರೆಸಿ, ರೈತರ ಹೆಂಡಂದಿರಿಗಾಗಿ ಅಂಚೆ ಮೂಲಕ ಓದುವ ಪಾಠಕ್ರಮ ಮಾಡಲು ಹೇಳಿದರು.

ಅವರು ಪಾಠ ಬರೆಯುವ ಮೊದಲು ಹೆಂಗಸರಿಗೇ ಪತ್ರ ಬರೆದರು. ನಿಮ್ಮ ಕಷ್ಟ ಏನು, ಯಾವ ಕೆಲಸ ಹೆಚ್ಚು ದಣಿಸುತ್ತದೆ ಎಂದು ಕೇಳಿದರು. ಬಂದ ಉತ್ತರಗಳನ್ನು ನೋಡಿ 1901ರಲ್ಲಿ ಮೊದಲ ಪುಸ್ತಿಕೆ ಬರೆದರು. ಅದರ ವಿಷಯ 'ನಡಿಗೆ ಉಳಿಸುವುದು'. ಬಾವಿಯಿಂದ ಒಲೆಗೆ, ಒಲೆಯಿಂದ ಮೇಜಿಗೆ ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತೀರಿ, ವಸ್ತುಗಳ ಜಾಗ ಬದಲಿಸಿದರೆ ಎಷ್ಟು ಉಳಿಯುತ್ತದೆ ಎಂದು. ನಮ್ಮ ಅಮ್ಮಂದಿರು ಕೊಡಪಾನ ಸೊಂಟಕ್ಕಿಟ್ಟು ಗುಡ್ಡ ಹತ್ತಿದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಪುಸ್ತಿಕೆಗಾಗಿ ಅವರು ಸೂಕ್ಷ್ಮಜೀವಿಶಾಸ್ತ್ರದ ಒಬ್ಬ ಪ್ರೊಫೆಸರರ ಹತ್ತಿರ ಹೋದರು. ಪಾತ್ರೆ ಒರೆಸುವ ಬಟ್ಟೆಯಲ್ಲಿ ಇರುವ ರೋಗಾಣುಗಳ ಬಗ್ಗೆ ತಿಳಿಸಬೇಕಿತ್ತು. ಹೆಂಗಸರಿಗೆ ಬ್ಯಾಕ್ಟೀರಿಯಾ ಯಾಕೆ, ಸ್ವಚ್ಛವಾಗಿದ್ದರೆ ಚೆಂದ ಎಂದು ಹೇಳಿದರೆ ಸಾಲದೇ ಎಂಬ ಅರ್ಥದ ಮಾತು ಆ ಪ್ರೊಫೆಸರರಿಂದ ಬಂತಂತೆ. ಅವರು ಬಿಡಲಿಲ್ಲ, ಪುಸ್ತಿಕೆ ಬರೆದೇ ಬರೆದರು. 'ಹೀಗೆ ಮಾಡು' ಎನ್ನುವುದರ ಜೊತೆಗೆ 'ಯಾಕೆ ಹೀಗೆ' ಎಂದೂ ಹೇಳಬೇಕು ಎಂಬ ಅವರ ಹಠವೇ ನನಗೆ ಒಳ್ಳೆಯ ಶಿಕ್ಷಕರ ಗುರುತಾಗಿ ಕಾಣುತ್ತದೆ.

1907ರಲ್ಲಿ ಫ್ಲೋರಾ ರೋಸ್ ಎಂಬವರು ಅವರ ಜೊತೆಗೂಡಿದರು. 1911ರಲ್ಲಿ ಇಬ್ಬರೂ ಪೂರ್ಣ ಪ್ರೊಫೆಸರ್ ಆದರು. ಕಾರ್ನೆಲ್‌ನಲ್ಲಿ ಆ ಸ್ಥಾನ ಪಡೆದ ಮೊದಲ ಮಹಿಳೆಯರು ಅವರೇ. 1925ರಲ್ಲಿ ಅವರ ವಿಭಾಗ ನ್ಯೂಯಾರ್ಕ್ ರಾಜ್ಯದ ಗೃಹವಿಜ್ಞಾನ ಕಾಲೇಜು ಆಯಿತು.

ಕಾನೂನಿನಲ್ಲಿ ಬರೆದಿಟ್ಟ ತರಬೇತಿ

ಇನ್ನು ಹಣದ ವಿಚಾರ. 1917ರ ಫೆಬ್ರವರಿ 23ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಮಿತ್-ಹ್ಯೂಸ್ ಕಾಯಿದೆಗೆ ಸಹಿ ಹಾಕಿದರು. ಕೃಷಿ, ಕೈಗಾರಿಕೆ, ಗೃಹವಿಜ್ಞಾನ ಇವುಗಳ ಶಿಕ್ಷಣಕ್ಕೆ ಕೇಂದ್ರ ಸರಕಾರ ರಾಜ್ಯಗಳಿಗೆ ಹಣ ಕೊಡುವ ಕಾಯಿದೆ ಅದು.

ಅದರಲ್ಲಿ ಎರಡು ಅಂಶ ಗಮನಿಸಿ. ಒಂದು, ಕೈಗಾರಿಕೆ ಮತ್ತು ಗೃಹವಿಜ್ಞಾನ ಅಧ್ಯಾಪಕರ ಸಂಬಳಕ್ಕೆಂದು ಇಟ್ಟ ಹಣದಲ್ಲಿ ಗೃಹವಿಜ್ಞಾನಕ್ಕೆ ನೂರಕ್ಕೆ 20ಕ್ಕಿಂತ ಹೆಚ್ಚು ಕೊಡಬಾರದು ಎಂದಿತ್ತು. ಹೆಂಗಸರ ವಿಷಯ ಅಲ್ಲವೇ, ಮಿತಿ ಹಾಕಿದರು. ಎರಡನೆಯದು, ಅಧ್ಯಾಪಕರ ತರಬೇತಿಗೆ ಪ್ರತ್ಯೇಕ ಹಣ ಇಟ್ಟರು. ಮೂರು ವಿಭಾಗಗಳಲ್ಲಿ ಯಾವುದಕ್ಕೂ ಆ ಹಣದಲ್ಲಿ ನೂರಕ್ಕೆ 20ಕ್ಕಿಂತ ಕಡಿಮೆ ಆಗಬಾರದು, 60ಕ್ಕಿಂತ ಹೆಚ್ಚೂ ಆಗಬಾರದು ಎಂದರು. ಸಂಬಳದಲ್ಲಿ 20 ಮೇಲಿನ ಮಿತಿ, ತರಬೇತಿಯಲ್ಲಿ 20 ಕೆಳಗಿನ ಮಿತಿ! ಮಾತ್ರವಲ್ಲ, ತರಬೇತಿಯ ಹಣ ಬಳಸದ ರಾಜ್ಯಕ್ಕೆ 1920ರ ಜೂನ್ 30ರ ನಂತರ ಸಂಬಳದ ಹಣವೂ ಸಿಗದು ಎಂದು ಬರೆದರು.

ಈ ಒಂದು ಷರತ್ತಿನಿಂದ ರಾಜ್ಯ ರಾಜ್ಯಗಳಲ್ಲಿ ಗೃಹವಿಜ್ಞಾನ ಶಿಕ್ಷಕರನ್ನು ತಯಾರು ಮಾಡುವ ವಿಭಾಗಗಳು ಬೆಳೆದವು. ತರಬೇತಿಯನ್ನು ಒಳ್ಳೆಯ ಮನಸ್ಸಿನ ಅಧಿಕಾರಿಯ ಮೇಲೆ ಬಿಡಲಿಲ್ಲ, ಕಾನೂನಿನಲ್ಲಿಯೇ ಕಟ್ಟಿಟ್ಟರು. ಹೊಲಿಗೆ ಟೀಚರಿಗೆ 'ಮಾಡ್ಯೂಲ್ ಇಲ್ಲ' ಎಂದು ಸುಲಭವಾಗಿ ಹೇಳಲು ಸಾಧ್ಯವಾದದ್ದು ಯಾಕೆ ಎಂದು ಈಗ ಅರ್ಥವಾಗುತ್ತದೆ.

ಕಪ್ಪು ಕಲೆಗಳು

ಎಲ್ಲವೂ ಚಂದ ಎಂದು ಬರೆದರೆ ಅದು ಇತಿಹಾಸ ಆಗುವುದಿಲ್ಲ. ಡ್ಯೂಯಿ ದಂಪತಿಯ ಲೇಕ್ ಪ್ಲಾಸಿಡ್ ಕ್ಲಬ್ಬಿನಲ್ಲಿ ಯಹೂದಿಗಳಿಗೂ ಕರಿಯರಿಗೂ ಪ್ರವೇಶ ಇರಲಿಲ್ಲ. ಯಹೂದಿ ನಾಯಕರು ದೂರು ಕೊಟ್ಟ ಮೇಲೆ 1905ರಲ್ಲಿ ಡ್ಯೂಯಿ ರಾಜ್ಯ ಗ್ರಂಥಪಾಲಕ ಹುದ್ದೆ ಬಿಡಬೇಕಾಯಿತು. ಅದೇ ಕಾಲದಲ್ಲಿ ದಕ್ಷಿಣದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಮಾರ್ಗರೆಟ್ ಮರ್ರೆ ವಾಷಿಂಗ್ಟನ್ ಎಂಬ ಕರಿಯ ಅಧ್ಯಾಪಕಿ ಹೆಣ್ಣುಮಕ್ಕಳ ಕೈಕೆಲಸದ ವಿಭಾಗ ನಡೆಸುತ್ತಿದ್ದರು, ಹಳ್ಳಿಯ ತಾಯಂದಿರ ಸಭೆ ಕೂರಿಸುತ್ತಿದ್ದರು. ಒಂದೇ ಕೆಲಸ, ಆದರೆ ಸರೋವರದ ದಡದ ಮೇಜಿನಲ್ಲಿ ಅವರಂಥವರಿಗೆ ಕುರ್ಚಿ ಇರಲಿಲ್ಲ.

ಇನ್ನೊಂದು ಸಂಗತಿ ಓದಿ ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. 1919ರಿಂದ 1969ರ ವರೆಗೆ ಕಾರ್ನೆಲ್‌ನಲ್ಲಿ 'ಅಭ್ಯಾಸದ ಮನೆ' ಇತ್ತು. ವಿದ್ಯಾರ್ಥಿನಿಯರು ಅಲ್ಲಿ ಸರದಿಯಂತೆ ಮನೆ ನಡೆಸಿ ಕಲಿಯಬೇಕು. ಮಗು ಸಾಕುವುದನ್ನು ಕಲಿಯಲು ಅನಾಥಾಲಯಗಳಿಂದ ನಿಜವಾದ ಹಸುಗೂಸುಗಳನ್ನು ತಂದು ಇಡುತ್ತಿದ್ದರು! ಮಗುವಿಗೆ ಊಟ, ನಿದ್ರೆ, ತೂಕ ಎಲ್ಲವೂ ವೈಜ್ಞಾನಿಕ. ಆದರೆ ಎತ್ತಿಕೊಳ್ಳುವ ಕೈ ಮಾತ್ರ ಸರದಿಯಂತೆ ಬದಲಾಗುತ್ತಿತ್ತು. ವಿಜ್ಞಾನ ಗೊತ್ತಿದ್ದರೂ ಮಗುವಿನ ಮನಸ್ಸು ಮರೆತರೆ ತರಬೇತಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಕಾಲ ಹೋದಂತೆ 'ಇದು ಹುಡುಗಿಯರ ವಿಷಯ' ಎಂಬ ಹಣೆಪಟ್ಟಿ ವಿಷಯಕ್ಕೇ ಭಾರವಾಯಿತು. 1972ರ ಕಾನೂನಿನಿಂದ ಅಲ್ಲಿ ಶಿಕ್ಷಣದಲ್ಲಿ ಲಿಂಗಭೇದ ನಿಷೇಧವಾಯಿತು, ಗಂಡುಮಕ್ಕಳೂ ಈ ತರಗತಿಗಳಿಗೆ ಬಂದರು. 1994ರಲ್ಲಿ ಸಂಘದ ಹೆಸರನ್ನೇ ಬದಲಿಸಿ 'ಕುಟುಂಬ ಮತ್ತು ಗ್ರಾಹಕ ವಿಜ್ಞಾನ' ಎಂದು ಮಾಡಿದರು.

ನಮ್ಮ ದೇಶದಲ್ಲಿ

ನಮ್ಮಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ 1927ರಲ್ಲಿ ಪುಣೆಯಲ್ಲಿ ಶುರುವಾಯಿತು. ಹೆಣ್ಣುಮಕ್ಕಳ ಶಿಕ್ಷಣ ಅದರ ಮೊದಲ ಚಿಂತೆ. ಅವರ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು. ಗೃಹವಿಜ್ಞಾನ ಕಲಿಸುವ ಅಧ್ಯಾಪಕಿಯರನ್ನು ತಯಾರು ಮಾಡುವುದು ಅದರ ಒಂದು ಮುಖ್ಯ ಕೆಲಸವಾಗಿತ್ತು. ಮೊದಲು ನಡೆಸಿದವರು ಹನ್ನಾ ಸೇನ್.

1937ರ ಅಕ್ಟೋಬರದಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದರು. ಝಾಕಿರ್ ಹುಸೇನ್ ಸಮಿತಿ ಮೂಲಶಿಕ್ಷಣದ ಯೋಜನೆ ಬರೆಯಿತು. ಕೈಕೆಲಸವೇ ಪಾಠದ ನಡುಗಂಬ ಎಂಬುದು ಅದರ ತಿರುಳು. ನೂಲುವಾಗಲೇ ಗಣಿತ, ನೂಲುವಾಗಲೇ ಭೂಗೋಳ. ಅದನ್ನು ನಡೆಸಬಲ್ಲ ಅಧ್ಯಾಪಕರು ಸಾಕಷ್ಟು ಸಿಗದೇ ಹೋದದ್ದು ಅದು ಸೊರಗಲು ಒಂದು ಕಾರಣ.

ಮದ್ರಾಸ್ ಪ್ರಾಂತದಲ್ಲಿ ಇದನ್ನು ಮನಸ್ಸಿಟ್ಟು ಬೆಂಬಲಿಸಿದವರು ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್. 1946ರಿಂದ 1949ರ ವರೆಗೆ ಅವರು ಮದ್ರಾಸಿನ ಶಿಕ್ಷಣ ಮಂತ್ರಿ. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸಿಗೆ ಸೇರಿದ್ದು. ಅಂದರೆ ಅವರು ನಮ್ಮ ಶಾಲೆಗಳಿಗೂ ಮಂತ್ರಿಯೇ! ಅವರು 1957ರಲ್ಲಿ ಕೊಯಮತ್ತೂರಿನಲ್ಲಿ ಮಹಿಳೆಯರ ಗೃಹವಿಜ್ಞಾನ ಕಾಲೇಜು ಸ್ಥಾಪಿಸಿದರು. ಆದರೆ ಅಷ್ಟರಲ್ಲಿ 1956ರ ನವೆಂಬರ್ 1 ಬಂದು ನಾವು ಕೇರಳದವರಾಗಿದ್ದೆವು. ಅಮೆರಿಕದ ಓಹಾಯೋದಲ್ಲಿ ಪೋಷಣಶಾಸ್ತ್ರ ಓದಿ ಬಂದ ರಾಜಮ್ಮಾಳ್ ದೇವದಾಸ್ ಆ ಕಾಲೇಜನ್ನು ಬೆಳೆಸಿದರು. 1988ರಲ್ಲಿ ಅದು ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು.

ಬರೋಡಾದ ಹಂಸಾ ಮೆಹ್ತಾ ಅವರನ್ನು ಮರೆಯಬಾರದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂಬ ಅರ್ಥ ಕೊಡುವ ಶಬ್ದವನ್ನು ತೆಗೆಸಿ 'ಎಲ್ಲ ಮಾನವರು' ಎಂದು ಮಾಡಿಸಿದವರು ಅವರು. ಅವರು ಕುಲಪತಿಯಾಗಿದ್ದ ಬರೋಡಾ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನ ವಿಭಾಗ ಬೆಳೆಯಿತು. 1962ರಲ್ಲಿ ನೇಮಕವಾದ ಅವರ ಸಮಿತಿ, ಗಂಡುಮಕ್ಕಳಿಗೆ ಒಂದು ಪಠ್ಯಕ್ರಮ, ಹೆಣ್ಣುಮಕ್ಕಳಿಗೆ ಇನ್ನೊಂದು ಎಂಬ ಭೇದ ಬೇಡ ಎಂದಿತು. 1964-66ರ ಕೊಠಾರಿ ಆಯೋಗವೂ ಅದನ್ನು ಒಪ್ಪಿತು. ಕಾರ್ಯಾನುಭವ ಎಲ್ಲ ಮಕ್ಕಳಿಗೂ ಬೇಕು ಎಂದೂ ಹೇಳಿತು.

ನಮ್ಮ ಗಡಿಯಲ್ಲಿ

2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ, 6ರಿಂದ 8ರ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ಆರೋಗ್ಯ-ದೈಹಿಕ ಶಿಕ್ಷಣ ಮತ್ತು ವೃತ್ತಿಶಿಕ್ಷಣಕ್ಕೆ ಅರೆಕಾಲಿಕ ಅಧ್ಯಾಪಕರು ಎಂದಿದೆ. ನೂರಕ್ಕಿಂತ ಹೆಚ್ಚು! ಗಡಿನಾಡಿನ ಎಷ್ಟು ಕನ್ನಡ ಶಾಲೆಗಳಲ್ಲಿ ಆ ಸಂಖ್ಯೆ ದಾಟುತ್ತದೆ, ನೀವೇ ಲೆಕ್ಕ ಹಾಕಿ. ಮಕ್ಕಳು ಕಡಿಮೆಯೆಂದು ಟೀಚರ್ ಇಲ್ಲ, ಟೀಚರ್ ಇಲ್ಲವೆಂದು ಮಕ್ಕಳು ಬೇರೆ ಶಾಲೆಗೆ. ಟೀಚರ್ ಇದ್ದರೂ ಕೈಪಿಡಿ ಕನ್ನಡದಲ್ಲಿ ಇಲ್ಲ. ಮಲಯಾಳದ ಕೈಪಿಡಿ ನೋಡಿ ನಾವೇ ರಾತ್ರಿ ಕೂತು ಕನ್ನಡ ಮಾಡಿಕೊಂಡದ್ದು ಎಷ್ಟು ಸಲವೋ.

ಬದಲಾವಣೆಯೂ ಇದೆ, ಅದನ್ನೂ ಹೇಳಬೇಕು. 2024ರ ಜೂನಿನಲ್ಲಿ ಕೇರಳದ ಮೂರನೇ ತರಗತಿಯ ಹೊಸ ಪಠ್ಯಪುಸ್ತಕದಲ್ಲಿ ಅಪ್ಪ ಅಡಿಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಚಿತ್ರ ಬಂತು. ದೇಶವೆಲ್ಲ ಸುದ್ದಿಯಾಯಿತು. ಆದರೆ ಆ ಚಿತ್ರ ತೋರಿಸಿ ತರಗತಿಯಲ್ಲಿ ಏನು ಮಾತಾಡಬೇಕು? ಅಪ್ಪ ಕಾಯಿ ತುರಿದರೆ ನಗುವ ಹುಡುಗನಿಗೆ ಏನು ಹೇಳಬೇಕು? ಚಿತ್ರ ಮುದ್ರಿಸುವುದು ಸುಲಭ, ಅದನ್ನು ಕಲಿಸುವವರನ್ನು ಸಿದ್ಧಗೊಳಿಸುವುದೇ ಕೆಲಸ.

ನಮ್ಮ ಹೊಲಿಗೆ ಟೀಚರ್ ಈಗ ನಿವೃತ್ತರು. ಅವರು ಹುಡುಗರಿಗೂ ಗುಂಡಿ ಹೊಲಿಯಲು ಕಲಿಸಿದ್ದರು. ಅಂಗಿಯ ಅಳತೆ ತೆಗೆಯುವಾಗ ಭಿನ್ನರಾಶಿ ಕಲಿಸಿದ್ದರು. ಗಣಿತದ ನನ್ನ ಗೆಳೆಯನಿಗೆ ಎರಡು ವಾರದಲ್ಲಿ ಆಗದ್ದು ಅವರ ಟೇಪಿನಿಂದ ಎರಡು ದಿನದಲ್ಲಿ ಆಯಿತು ಎಂದು ಅವನೇ ಹೇಳುತ್ತಿದ್ದ. ವೃತ್ತಿಪರಿಚಯ ಮೇಳದಲ್ಲಿ ನಮ್ಮ ಮಕ್ಕಳು ಬಹುಮಾನ ತಂದದ್ದೂ ಅವರಿಂದ. ಇದನ್ನೆಲ್ಲ ಅವರು ಯಾವ ತರಬೇತಿಯಲ್ಲಿಯೂ ಕಲಿತದ್ದಲ್ಲ. ಕಲಿತದ್ದನ್ನು ಇನ್ನೊಬ್ಬ ಟೀಚರಿಗೆ ದಾಟಿಸಲು ಅವರಿಗೆ ಒಂದು ಕೋಣೆಯೂ ಸಿಗಲಿಲ್ಲ. ನಷ್ಟ ಆದದ್ದು ನಮಗೆ.

ಹಾಗಾಗಿ ನನ್ನದೊಂದು ಸಲಹೆ. ನಮ್ಮ ಉಪಜಿಲ್ಲೆಗಳಲ್ಲಿ ಹೊಲಿಗೆ, ವೃತ್ತಿಶಿಕ್ಷಣ, ಗೃಹವಿಜ್ಞಾನ ಕಲಿಸುವ ಕನ್ನಡದ ಅಧ್ಯಾಪಕರು, ನಿವೃತ್ತರೂ ಸೇರಿ, ಒಂದು ಶನಿವಾರ ಕೂತುಕೊಳ್ಳಬಹುದು. ಆದೇಶ ಬರಲಿ ಎಂದು ಕಾಯುವುದು ಬೇಡ. ತಮಗೆ ಗೊತ್ತಿರುವ ಒಂದೊಂದು ಪಾಠವನ್ನು ಕನ್ನಡದಲ್ಲಿ ಬರೆದು ತಂದರೆ ಸಾಕು, ಅದೇ ನಮ್ಮ ಮೊದಲ ಕೈಪಿಡಿ. ಮೊದಲು ವಾನ್ ರೆನ್ಸೆಲೇರ್ ಮಾಡಿದ ಹಾಗೆ ಮಕ್ಕಳ ಅಮ್ಮಂದಿರನ್ನು, ಅಪ್ಪಂದಿರನ್ನೂ ಕೇಳೋಣ, ನಿಮ್ಮ ಮನೆಯಲ್ಲಿ ಕಷ್ಟ ಯಾವುದು ಎಂದು.

ಎಷ್ಟು ಜನ ಬಂದಾರು ಎಂದು ಯೋಚಿಸುವುದು ಬೇಡ. ಲೇಕ್ ಪ್ಲಾಸಿಡಿನಲ್ಲಿ ಇದ್ದದ್ದು ಹನ್ನೊಂದೇ ಜನ. ಆದರೆ ನಮ್ಮ ಬಾಗಿಲು ಎಲ್ಲರಿಗೂ ತೆರೆದಿರಲಿ.

ಟೀಚರ್, ನೀವು ಇದನ್ನು ಓದಿದರೆ, ಅಂದು ಚಹಾ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ತಡವಾಯಿತು, ಕ್ಷಮಿಸಿ. ಉಂಟು ಟೀಚರ್, ನಿಮ್ಮ ವಿಷಯಕ್ಕೂ ಜನ ಕೂತು ಮಾತಾಡಿದ್ದಾರೆ. ನಾವು ಮಾತಾಡುವುದು ಬಾಕಿ ಇದೆ. ಮೊದಲ ಶನಿವಾರ ನೀವು ಬರಬೇಕು, ಮುಂದಿನ ಬೆಂಚಿಗೆ.